ಜರ್ಸಿ ನಂಬರಿಗೆ ಆತುರ ಬೇಡ

ನೋಡು ಮರಿ, ಟೀಮಿಗೆ ಸೇರಿದ ವಾರವೇ ಜರ್ಸಿ ನಂಬರಿಗೆ ಜಗಳ ಆಡಿದೆ ಅಂತ ನಿಮ್ಮಪ್ಪ ನಗುತ್ತಾ ಹೇಳಿದ. ಇರಲಿ, ವಯಸ್ಸೇ ಅಂಥದ್ದು. ಆದರೆ ‘ಹಾಲ್ ಆಫ್ ಫೇಮ್ ಸೇರೋಕೆ ಎಷ್ಟು ರನ್ ಹೊಡೀಬೇಕು’ ಅಂತಲೂ ಕೇಳಿದೆಯಂತಲ್ಲ, ಅದಕ್ಕೆ ನಾಲ್ಕು ಮಾತು ಹೇಳಬೇಕು.

ಆರ್‌ಸಿಬಿಯನ್ನೇ ತಗೋ. 2022ರಲ್ಲಿ ಅವರು ಹಾಲ್ ಆಫ್ ಫೇಮ್‌ಗೆ ಮೊದಲು ಸೇರಿಸಿಕೊಂಡದ್ದು ಕ್ರಿಸ್ ಗೇಲ್ ಮತ್ತು ಎಬಿ ಡಿವಿಲಿಯರ್ಸ್ ಇಬ್ಬರನ್ನು. ಮರುವರ್ಷ ಗೇಲ್‌ನ 333, ಡಿವಿಲಿಯರ್ಸ್‌ನ 17 ನಂಬರಿನ ಜರ್ಸಿ ಇನ್ಯಾರಿಗೂ ಇಲ್ಲ ಅಂತ ಎತ್ತಿಟ್ಟರು. ಆ ಇಬ್ಬರೂ ಆರ್‌ಸಿಬಿಗೆ ಕಪ್ ಗೆದ್ದುಕೊಟ್ಟವರಲ್ಲ. ಐಪಿಎಲ್ ಕಪ್ ಬಂದದ್ದು 2025ರಲ್ಲಿ. ಗೇಲ್‌ನನ್ನಂತೂ 2011ರ ಹರಾಜಿನಲ್ಲಿ ಯಾರೂ ಕೊಂಡಿರಲಿಲ್ಲ. ಡರ್ಕ್ ನ್ಯಾನೆಸ್ ಗಾಯಗೊಂಡರು ಅಂತ ಸೀಸನ್ ನಡುವೆ ಕರೆಸಿದರು, ಬಂದವನು ಆ ವರ್ಷ ಎಲ್ಲರಿಗಿಂತ ಹೆಚ್ಚು ರನ್ ಹೊಡೆದ. ಇಂಥ ಗೌರವ ಫ್ರಾಂಚೈಸಿಯ ಪ್ರೀತಿಗೆ ಬಿಟ್ಟದ್ದು. ಜರ್ಸಿ ಮಾರುವ ಲೆಕ್ಕವೂ ಅದರಲ್ಲಿ ಸ್ವಲ್ಪ ಇರುತ್ತೆ ಅನ್ನೋದು ನನ್ನ ಗುಮಾನಿ.

ಐಸಿಸಿಯದು ಬೇರೆ ದಾರಿ. ಕೊನೆಯ ಅಂತಾರಾಷ್ಟ್ರೀಯ ಪಂದ್ಯ ಆಡಿ ಐದು ವರ್ಷ ಆಗದೆ ಹೆಸರನ್ನೇ ಎತ್ತೋದಿಲ್ಲ. 2012ರಲ್ಲಿ ಬ್ಯಾಟ್ ಕೆಳಗಿಟ್ಟ ದ್ರಾವಿಡ್‌ಗೆ ತಿರುವನಂತಪುರದಲ್ಲಿ ಗಾವಸ್ಕರ್ ಹಾಲ್ ಆಫ್ ಫೇಮ್ ಕ್ಯಾಪ್ ಕೊಟ್ಟದ್ದು 2018ರಲ್ಲಿ. ಈ ನಿಯಮ ನನಗೆ ತುಂಬಾ ಹಿಡಿಸುತ್ತೆ, ಚಪ್ಪಾಳೆಯ ಸದ್ದು ಅಡಗಿದ ಮೇಲೂ ಉಳಿಯೋದೇನು ಅಂತ ಗೊತ್ತಾಗುತ್ತಲ್ಲ. ಓಟು ಹಾಕುವವರಲ್ಲಿ ಆಗಲೇ ಒಳಗಿರುವ ಹಳೇ ಆಟಗಾರರೂ ಇರುತ್ತಾರೆ. ಅವರ ಕಣ್ಣು ತಪ್ಪಿಸೋಕಾಗಲ್ಲ.

ಕುಂಬ್ಳೆ ಐಸಿಸಿಯ ಆ ಸಾಲಿಗೆ 2015ರಲ್ಲಿ ಸೇರಿದರು. ಟೆಸ್ಟಿನಲ್ಲಿ 619 ವಿಕೆಟ್, ಸರಿ. ಆದರೆ ಯಾರ ಬಾಯಲ್ಲಿ ಕೇಳಿದರೂ ಬರೋದು 2002ರ ಆಂಟಿಗಾ ಟೆಸ್ಟ್. ಬ್ಯಾಟ್ ಮಾಡುವಾಗ ವೆಸ್ಟ್ ಇಂಡೀಸ್ ಬೌಲರ್ ಡಿಲ್ಲನ್ ಎಸೆತ ಬಿದ್ದು ದವಡೆ ಮುರಿದಿತ್ತು. ತಲೆಯಿಂದ ಗದ್ದದವರೆಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಮೈದಾನಕ್ಕಿಳಿದು 14 ಓವರ್ ಹಾಕಿ, ಲಾರಾನನ್ನು ಎಲ್‌ಬಿಡಬ್ಲ್ಯೂ ಕೆಡವಿದರು. ಆಮೇಲೆ ಆಪರೇಷನ್‌ಗೆ ಬೆಂಗಳೂರಿಗೆ ವಿಮಾನ ಹತ್ತಿದರು. ಪಂದ್ಯ ಡ್ರಾ. ಸ್ಕೋರ್‌ಕಾರ್ಡಿನಲ್ಲಿ ಅದು 29 ರನ್ನಿಗೆ ಒಂದೇ ವಿಕೆಟ್!

ಇನ್ನು ಬಾಗಿಲು ಮುಚ್ಚೋ ಸಂಗತಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಪೀಟ್ ರೋಸ್ ಹೊಡೆದ 4,256 ಹಿಟ್‌ಗಳ ದಾಖಲೆಯನ್ನು ಯಾರೂ ಮುರಿದಿಲ್ಲ. ಆದರೆ ತಾನು ನಡೆಸುತ್ತಿದ್ದ ಸಿನ್ಸಿನಾಟಿ ತಂಡದ ಆಟದ ಮೇಲೇ ಬೆಟ್ಟಿಂಗ್ ಕಟ್ಟಿದ. 1989ರಲ್ಲಿ ನಿಷೇಧ ಬಿತ್ತು. 2024ರಲ್ಲಿ ತೀರಿಕೊಳ್ಳುವವರೆಗೂ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್‌ಗೆ ಅವನಿಗೆ ಪ್ರವೇಶ ಸಿಗಲಿಲ್ಲ. ದೂರದ ಮಾತೇಕೆ, 2019ರಲ್ಲಿ ನಮ್ಮ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಆಟಗಾರರನ್ನೇ ಫಿಕ್ಸಿಂಗ್ ಆರೋಪದ ಮೇಲೆ ಪೊಲೀಸರು ಬಂಧಿಸಿದ್ದು ನಿನಗೂ ನೆನಪಿರಬೇಕು.

ಅದಕ್ಕೇ ಹೇಳ್ತೀನಿ, ಕೊಟ್ಟ ನಂಬರು ಹಾಕಿಕೊಂಡು ಆಡು. ಹೋಟೆಲ್ ಲಾಬಿಯಲ್ಲಿ ಗುರುತಿಲ್ಲದವನು ಬಂದು ಫೋನು, ವಾಚು ಕೊಟ್ಟು ‘ನಾಳೆ ಹನ್ನೊಂದರಲ್ಲಿ ಯಾರ್‍ಯಾರು, ಪಿಚ್ ಹೇಗಿದೆ’ ಅಂತ ಕೇಳಿದರೆ, ಉಡುಗೊರೆ ಮುಟ್ಟಬೇಡ. ಬೆಳಗಾಗೋವರೆಗೂ ಕಾಯದೆ ಮ್ಯಾನೇಜರ್ ರೂಮಿನ ಬಾಗಿಲು ತಟ್ಟು.