ಮನಸ್ಸು ಹೇಳಿದ್ದೆಲ್ಲ ಖರೆ ಅಲ್ಲ, ತಮ್ಮಾ

ತಮ್ಮಾ, ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಬಂದವನು ನೀನು. ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡಬೇಕೆಂದರೆ ಎದೆ ಡವಡವ. ಹೊಟ್ಟೆನೋವಿನ ನೆಪ ಹೇಳಿ ಹಾಸ್ಟೆಲಿನಲ್ಲೇ ಉಳಿದುಬಿಡುತ್ತೀ. ಆ ಹೊತ್ತಿಗೆ ಹಗುರೆನಿಸುತ್ತದೆ, ಮುಂದಿನ ಸಲ ಅಂಜಿಕೆ ಇಮ್ಮಡಿಯಾಗುತ್ತದೆ. "ಧೈರ್ಯ ತಗೋ" ಎಂದರೆ ಧೈರ್ಯ ಬರುವುದಿಲ್ಲ. ಅದಕ್ಕೊಂದು ಕ್ರಮ ಬೇಕು. ಅಂಥದೊಂದು ಕ್ರಮವೇ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಸಿಬಿಟಿ.

1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಯ ರೋಗಿಗಳಲ್ಲಿ ಒಂದು ಸಂಗತಿ ಗಮನಿಸಿದರು. "ನನ್ನಿಂದ ಏನೂ ಆಗದು" ಎಂಬಂಥ ವಿಚಾರ ತಾನಾಗಿ ಏಳುತ್ತದೆ, ಮನುಷ್ಯ ಅದನ್ನು ಒರೆಗೆ ಹಚ್ಚದೆ ನಂಬಿಬಿಡುತ್ತಾನೆ. ನಂಬಿದ್ದರಿಂದ ಅಂಜಿಕೆ, ಅಂಜಿಕೆಯಿಂದ ತಪ್ಪಿಸಿಕೊಳ್ಳುವುದು, ತಪ್ಪಿಸಿಕೊಂಡಷ್ಟೂ ಆ ವಿಚಾರಕ್ಕೇ ಬಲ. ಈ ಸುತ್ತನ್ನು ಕಡಿಯುವುದೇ ಸಿಬಿಟಿಯ ಕೆಲಸ.

ಒಂದು ಹಾಳೆ ತಗೋ. "ಎಲ್ಲರೂ ನಗತಾರ" ಎಂದು ಬರೆ. ನೂರಕ್ಕೆ ಎಷ್ಟು ನಂಬುತ್ತೀ? 90? ಈಗ ಪುರಾವೆ ಬರೆ: ಹೋದ ಸಲ ನಕ್ಕವರು ಯಾರು? ತಡವರಿಸಿದ ಗೆಳೆಯನನ್ನು ನೋಡಿ ನೀನು ನಕ್ಕಿದ್ದೆಯಾ? ಆಮೇಲೆ ಪರೀಕ್ಷೆಗೆ ಇಳಿ. ಮೊದಲು ರೂಮಿನ ಗೆಳೆಯನ ಮುಂದೆ ಎರಡು ನಿಮಿಷ ಮಾತಾಡು, ಬಳಿಕ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳು, ಕೊನೆಗೆ ಸೆಮಿನಾರ್. ಪ್ರತಿ ಸಲವೂ ಆ 90 ಈಗ ಎಷ್ಟಾಗಿದೆ ಎಂದು ಹೊಸದಾಗಿ ಬರೆ.

ತೊಂದರೆ ಗಟ್ಟಿಯಾಗಿದ್ದರೆ ಇದನ್ನು ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಜತೆಗೇ ಮಾಡಬೇಕು. ಸಾಮಾನ್ಯವಾಗಿ ವಾರಕ್ಕೊಂದು ಭೇಟಿ, 12ರಿಂದ 16 ವಾರ. ನಡುವೆ ಕೊಟ್ಟ ಹೋಮ್‌ವರ್ಕ್ ಬಿಟ್ಟರೆ ಫಲ ಕಡಿಮೆ. ಖಿನ್ನತೆ, ಆತಂಕ, ಪ್ಯಾನಿಕ್, ಗೀಳು, ನಿದ್ರಾಹೀನತೆ, ಆಘಾತದ ನೆನಪು ಇವುಗಳಿಗೆ ಇದು ಉಪಯುಕ್ತ. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳಿಗೆ ಮಾತ್ರೆಯೇ ಮುಖ್ಯ, ಸಿಬಿಟಿ ಜತೆಗಿನ ಆಸರೆ.

ಡಾಕ್ಟರ ಹತ್ತಿರ ಹೋದರೆ ಹುಚ್ಚನೆಂದಾರು ಎಂಬ ಅಳುಕು ಬೇಡ. ಇದು ದೊಡ್ಡ ಊರಿನವರಿಗಷ್ಟೇ ಎಂದೂ ತಿಳಿಯಬೇಡ: ಹಳ್ಳಿಗೂ ಮಾನಸಿಕ ಆರೋಗ್ಯ ಸೇವೆ ಮುಟ್ಟಲೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿತ್ತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಈಗ ಟೆಲಿ ಮಾನಸ್ ಸಹಾಯವಾಣಿಯೂ ಇದೆ: 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಸಾಯುವ ವಿಚಾರ ಸುಳಿದರಂತೂ ಹಾಳೆ ಹುಡುಕುತ್ತ ಕೂರಬೇಡ, ಆಗಿಂದಾಗಲೇ ಆ ನಂಬರಿಗೆ ಫೋನ್ ಮಾಡು, ಪಕ್ಕದವರನ್ನೂ ಎಬ್ಬಿಸು.