ಅಚೌರ್ಯಾಣುವ್ರತವೂ ಕದ್ದ ಹಾಡುಗಳೂ

ಶ್ರಾವಕರ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಇದರ ಪಾಲನೆ ಸುಲಭವೆಂದು ನಮ್ಮಲ್ಲಿ ಅನೇಕರ ಎಣಿಕೆ. ರಾತ್ರಿಭೋಜನ ತ್ಯಾಗ, ಅಷ್ಟಮಿ ಚತುರ್ದಶಿಗಳ ಉಪವಾಸ ಇವು ಶರೀರಕ್ಕೆ ಕಷ್ಟವನ್ನುಂಟುಮಾಡುತ್ತವೆ. ಪರರ ಮನೆಗೆ ಕನ್ನ ಹಾಕದೆ ಇರುವುದಕ್ಕೆ ಕಷ್ಟವೇನು? ಆದರೆ ಆಚಾರ್ಯರು ಈ ವ್ರತವನ್ನು ಕನ್ನಕ್ಕೆ ಮಾತ್ರ ನಿಲ್ಲಿಸಿಲ್ಲ. ಒಡೆಯನು ಕೊಡದಿರುವ ವಸ್ತುವಿನ ಗ್ರಹಣವೇ ಅವರ ದೃಷ್ಟಿಯಲ್ಲಿ ಚೌರ್ಯದ ಲಕ್ಷಣ. ಈ ಲಕ್ಷಣವನ್ನು ಇಂದಿನ ಒಂದು ವಿಷಯಕ್ಕೆ, ಎಂದರೆ ಅಂತರ್ಜಾಲದಿಂದ ಅನುಮತಿಯಿಲ್ಲದೆ ಇಳಿಸಿಕೊಂಡ ಹಾಡುಗಳಿಗೆ, ಅನ್ವಯಿಸಿ ವಿಚಾರ ಮಾಡಬೇಕಾಗಿದೆ. ದಶಲಕ್ಷಣ ಪರ್ವದಲ್ಲಿ ಹತ್ತು ದಿನವೂ ಏಕಾಶನ ಮಾಡುವ ಮನೆಗಳಲ್ಲಿಯೇ ಇಂತಹ ಹಾಡುಗಳಿಂದ ತುಂಬಿದ ಪೆನ್ ಡ್ರೈವ್ ಇರುವುದುಂಟು.

ಮೊದಲು ಹಾಡಿನ ವ್ಯಾಪಾರ ಹೇಗೆ ನಡೆದುಬಂದಿತೆಂಬುದನ್ನು ತಿಳಿಯೋಣ. ಹುಬ್ಬಳ್ಳಿ-ಧಾರವಾಡದವರಿಗೆ ಇದು ದೂರದ ಕಥೆಯಲ್ಲ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ಕಂಠವು 1930ರ ದಶಕದಲ್ಲಿಯೇ ಗ್ರಾಮಫೋನ್ ತಟ್ಟೆಗಳನ್ನು ಸೇರಿತು. ಆ ತಟ್ಟೆಯನ್ನು ಒತ್ತಲು ಕಾರ್ಖಾನೆಯೇ ಬೇಕಾಗಿತ್ತು. ಕೊಂಡವನು ಕೇಳಬಹುದಾಗಿತ್ತು, ನೆರೆಯವರನ್ನು ಕರೆದು ಕೇಳಿಸಬಹುದಾಗಿತ್ತು, ಆದರೆ ಇನ್ನೊಂದು ತಟ್ಟೆಯನ್ನು ಮನೆಯಲ್ಲಿ ಮಾಡಿಕೊಳ್ಳಲಾರನು. ಕಳ್ಳತನಕ್ಕೆ ಸಾಧನವೇ ಇಲ್ಲದಾಗ ಅಚೌರ್ಯವನ್ನು ವ್ರತವೆಂದು ಹೊಗಳಬೇಕಾದ ಪ್ರಸಂಗವೂ ಬರಲಿಲ್ಲ.

ಕ್ಯಾಸೆಟ್ ಬಂದ ಮೇಲೆ ಸ್ಥಿತಿ ಬದಲಾಯಿತು. ಕೆ. ಎಸ್. ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಹೊರಬಂದಿತು. ಅದರ ಹಿಂದೆಯೇ ಭಾವಗೀತೆ, ಜನಪದ ಗೀತೆ, ತತ್ತ್ವಪದ, ಸ್ತವನಗಳು ಮನೆಮನೆಯನ್ನು ಹೊಕ್ಕವು. ಸಿನಿಮಾದ ಹಂಗಿಲ್ಲದೆ ಕನ್ನಡದ ಗಾಯಕನೊಬ್ಬನು ಕೇಳುಗರನ್ನು ತಲುಪಿದ ಕಾಲವದು. ಅದರ ಜೊತೆಗೆ ಎರಡು ಕ್ಯಾಸೆಟ್ ಹಾಕುವ ಯಂತ್ರವೂ ಬಂದಿತು. ಒಂದರಿಂದ ಇನ್ನೊಂದಕ್ಕೆ ಇಳಿಸುವ ಅಂಗಡಿಗಳು ಹುಟ್ಟಿದವು. 1984ರಲ್ಲಿ ಸಂಸತ್ತು ಕೃತಿಸ್ವಾಮ್ಯದ ಕಾಯಿದೆಗೆ ತಿದ್ದುಪಡಿ ತಂದು ಶಿಕ್ಷೆಯನ್ನು ಹೆಚ್ಚಿಸಿದ್ದು ಈ ಕಾರಣದಿಂದಲೇ. ನಮ್ಮ ರಾಜ್ಯದ ‘ಗೂಂಡಾ ಕಾಯಿದೆ’ ಎಂದು ಜನ ಕರೆಯುವ 1985ರ ಕಾಯಿದೆಯ ಉದ್ದನೆಯ ಹೆಸರಿನಲ್ಲಿ ಆಡಿಯೋ ವಿಡಿಯೋ ಕಳ್ಳರೂ ಸೇರಿದ್ದಾರೆ. 2014ರ ತಿದ್ದುಪಡಿಯಿಂದ ಡಿಜಿಟಲ್ ಅಪರಾಧಿಗಳೂ ಆ ಪಟ್ಟಿಗೆ ಬಂದರು. ಹಾಡು ಕದಿಯುವವನೂ ಕಳ್ಳಬಟ್ಟಿಯವನೂ ಒಂದೇ ಕಾಯಿದೆಯಲ್ಲಿರುವುದನ್ನು ನೋಡಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ.

ಕ್ಯಾಸೆಟ್ಟಿನ ಪ್ರತಿಗೆ ಇನ್ನೊಂದು ಖಾಲಿ ಕ್ಯಾಸೆಟ್ಟಾದರೂ ಬೇಕಾಗಿತ್ತು, ಪ್ರತಿಯಿಂದ ಪ್ರತಿಗೆ ಧ್ವನಿಯೂ ಕೆಡುತ್ತಿತ್ತು. ಅಂತರ್ಜಾಲದಲ್ಲಿ ಈ ಎರಡು ಅಡ್ಡಿಗಳೂ ಅಳಿದವು. 1999ರಲ್ಲಿ ಅಮೇರಿಕೆಯಲ್ಲಿ ನ್ಯಾಪ್‌ಸ್ಟರ್ ಎಂಬ ಏರ್ಪಾಡು ಹುಟ್ಟಿ, ಅಪರಿಚಿತರು ಪರಸ್ಪರರ ಗಣಕಗಳಿಂದ ಹಾಡುಗಳನ್ನು ಪಡೆಯತೊಡಗಿದರು. ನ್ಯಾಯಾಲಯದ ಆಜ್ಞೆಯಿಂದ 2001ರಲ್ಲಿ ಅದು ನಿಂತರೂ ಅಭ್ಯಾಸವು ನಿಲ್ಲಲಿಲ್ಲ. ಮುಂದಿನ ಹದಿನೈದು ವರ್ಷಗಳಲ್ಲಿ ಜಗತ್ತಿನ ಧ್ವನಿಮುದ್ರಣ ಉದ್ಯಮದ ಆದಾಯವು ಸುಮಾರು ಶೇಕಡಾ 40ರಷ್ಟು ಕುಸಿಯಿತು. ಎಲ್ಲವೂ ಕಳವಿನಿಂದಲೇ ಆಯಿತೆಂದು ವಿದ್ವಾಂಸರೆಲ್ಲರೂ ಒಪ್ಪುವುದಿಲ್ಲ. 2007ರಲ್ಲಿ ಒಬೆರ್‌ಹೋಲ್ಟ್ಸರ್-ಗೀ ಮತ್ತು ಸ್ಟ್ರಂಪ್ಫ್ ಎಂಬ ಅರ್ಥಶಾಸ್ತ್ರಜ್ಞರು, ಹಾಡುಗಳನ್ನು ಇಳಿಸಿಕೊಳ್ಳುವುದರಿಂದ ಮಾರಾಟಕ್ಕೆ ಲೆಕ್ಕಕ್ಕೆ ಸಿಗುವಷ್ಟು ಪೆಟ್ಟು ಬಿದ್ದಿಲ್ಲವೆಂದು ಬರೆದರು. ಲೀಬೊವಿಟ್ಸ್ ಮೊದಲಾದವರು ಅದನ್ನು ಬಲವಾಗಿ ಖಂಡಿಸಿದರು. ವ್ರತದ ವಿಚಾರದಲ್ಲಿ ಈ ವಾದವು ನಮ್ಮನ್ನು ಬಹಳ ಹೊತ್ತು ತಡೆಯಬೇಕಾಗಿಲ್ಲ. ಕದ್ದ ವಸ್ತುವಿನಿಂದ ಒಡೆಯನಿಗೆ ಎಷ್ಟು ನಷ್ಟವಾಯಿತೆಂದು ಎಣಿಸಿ ಆಮೇಲೆ ಅದು ಚೌರ್ಯವೋ ಅಲ್ಲವೋ ಎಂದು ಹೇಳುವ ಪದ್ಧತಿ ನಮ್ಮ ಶಾಸ್ತ್ರದಲ್ಲಿಲ್ಲ.

ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು 2012ರಲ್ಲಿ ‘ಫ್ಲೈಟ್’ ಎಂಬ ಹಾಡಿನ ಅಂಗಡಿಯನ್ನು ಅಂತರ್ಜಾಲದಲ್ಲಿ ತೆರೆಯಿತು. ಹಾಡೊಂದರ ಬೆಲೆ ಆರು ರೂಪಾಯಿಯಿಂದ ಆರಂಭ. ಒಂದು ಕಪ್ ಚಹಾದ ಬೆಲೆ. 2013ರ ಜೂನಿನಲ್ಲಿ ಅಂಗಡಿ ಮುಚ್ಚಿತು. ಹಾಡಿನ ಕಳವು ಮತ್ತು ಸಣ್ಣ ಮೊತ್ತದ ಹಣ ಪಾವತಿಯ ತೊಡಕು, ಇವು ಬಗೆಹರಿಯದೆ ಈ ವ್ಯಾಪಾರ ಬೆಳೆಯಲಾರದೆಂದು ಸಂಸ್ಥೆಯವರೇ ಕಾರಣ ಕೊಟ್ಟರು. ಅದೇ ವರ್ಷಗಳಲ್ಲಿ ಊರೂರಿನ ಮೊಬೈಲ್ ಅಂಗಡಿಗಳಲ್ಲಿ ಐವತ್ತು ರೂಪಾಯಿಗೆ ಮೆಮೊರಿ ಕಾರ್ಡಿನ ತುಂಬ ನೂರಾರು ಹಾಡುಗಳನ್ನು ತುಂಬಿಕೊಡುತ್ತಿದ್ದರು. ಕೊಲ್ಕತ್ತಾದ ಉಚ್ಚ ನ್ಯಾಯಾಲಯವು 2012ರಲ್ಲಿ ನೂರಕ್ಕೂ ಮೇಲ್ಪಟ್ಟ ಕಳ್ಳ ತಾಣಗಳನ್ನು ತಡೆಯಲು ಆಜ್ಞೆ ಮಾಡಿದರೂ ಮೆಮೊರಿ ಕಾರ್ಡಿನ ವ್ಯಾಪಾರಕ್ಕೆ ಹೇಳುವಂಥ ಅಡ್ಡಿಯಾಗಲಿಲ್ಲ.

ಇಲ್ಲಿ ಅರಿಯಬೇಕಾದ ಸಂಗತಿಯೊಂದಿದೆ. ಹಾಡಿನ ಖರ್ಚೆಲ್ಲವೂ ಮೊದಲನೆಯ ಪ್ರತಿಯಲ್ಲಿಯೇ ಇರುತ್ತದೆ: ಧ್ವನಿಮುದ್ರಣದ ಕೋಣೆಯ ಬಾಡಿಗೆ, ತಬಲಾ ಹಾರ್ಮೋನಿಯಂ ನುಡಿಸುವವರ ಸಂಬಳ, ಗಾಯಕನ ಹತ್ತಾರು ವರ್ಷಗಳ ಅಭ್ಯಾಸ. ಎರಡನೆಯ ಪ್ರತಿಗೆ ಖರ್ಚಿಲ್ಲ. ನಮ್ಮ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಹೊಲಿಯುವ ರಾಷ್ಟ್ರಧ್ವಜವನ್ನು ನೋಡಿರಿ. ಅದರ ಬೆಲೆಯು ನೂತವರ, ನೇಯ್ದವರ, ಬಣ್ಣ ಹಾಕಿದವರ ಕೂಲಿಯೇ. 2021ರ ಕೊನೆಯಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಧ್ವಜಗಳಿಗೆ ಅವಕಾಶವಾದಾಗ ಇಲ್ಲಿಯ ಕೆಲಸಗಾರರು ಕಳವಳಗೊಂಡದ್ದು ಏಕೆಂಬುದು ನಮ್ಮೂರವರಿಗೆ ಗೊತ್ತು. ಅದು ಶಾಸನಸಮ್ಮತ, ಕಳವಲ್ಲ. ಆ ಮಾತು ಬೇರೆ. ಆದರೆ ನೋಡಲು ಒಂದೇ ಆಗಿರುವ ಅಗ್ಗದ ಪ್ರತಿಯು ಯಾರ ಅನ್ನವನ್ನು ತಟ್ಟುತ್ತದೆಂಬುದನ್ನು ಬೆಂಗೇರಿಯವರಿಗೆ ಹೊರಗಿನವರು ಬಂದು ತಿಳಿಸಬೇಕಾಗಿಲ್ಲ.

ಈಗ ಶಾಸ್ತ್ರಕ್ಕೆ ಬರೋಣ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ತದಾಹೃತಾದಾನವೆಂದರೆ ಕಳ್ಳನು ತಂದ ವಸ್ತುವನ್ನು ತಾನು ಪಡೆಯುವುದು. “ನಾನು ಕದ್ದಿಲ್ಲ, ಅಂತರ್ಜಾಲದಲ್ಲಿ ಬಿದ್ದಿತ್ತು, ಇಳಿಸಿಕೊಂಡೆ” ಎನ್ನುವವನಿಗೆ ಉತ್ತರ ಇಲ್ಲಿಯೇ ಇದೆ. ಮೊಬೈಲ್ ಅಂಗಡಿಯವನಿಗೆ ಹಣ ಕೊಟ್ಟು ಕಾರ್ಡು ತುಂಬಿಸಿದರೆ ಸ್ತೇನಪ್ರಯೋಗವೂ ಸೇರುತ್ತದೆ. ಕಳ್ಳನಿಗೆ ಪ್ರೇರಣೆ ಕೊಟ್ಟಂತಾಯಿತು. ನಕಲಿಯನ್ನು ಅಸಲಿಯೆಂದು ಮಾರುವ ಪ್ರತಿರೂಪಕ ವ್ಯವಹಾರವು ಅಂಗಡಿಯವನ ಪಾಲು. ರಾಜಶಾಸನ ಮೀರುವ ದೋಷವಂತೂ ಇದ್ದೇ ಇದೆ: ಕೃತಿಸ್ವಾಮ್ಯದ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ ಇದೆ.

ಪ್ರತಿ ಮಾಡಿದರೆ ಮೂಲವು ಒಡೆಯನ ಬಳಿಯಲ್ಲಿಯೇ ಉಳಿಯುತ್ತದಲ್ಲ, ಏನನ್ನು ಅಪಹರಿಸಿದಂತಾಯಿತು ಎಂದು ಕಾಲೇಜು ಓದುವ ಮಕ್ಕಳು ಕೇಳುತ್ತಾರೆ. ಪ್ರಶ್ನೆಯು ತರ್ಕಬದ್ಧವಾಗಿದೆ, ಗದರಿಸಿ ಸುಮ್ಮನಾಗಿಸಬಾರದು. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಧನವನ್ನು ಮನುಷ್ಯನ ಹೊರಗಿನ ಪ್ರಾಣವೆಂದು ಎಣಿಸಿ, ಚೌರ್ಯವನ್ನು ಹಿಂಸೆಯಲ್ಲಿಯೇ ಸೇರಿಸಿದ್ದಾರೆ. ಒಡೆಯನ ಬಳಿ ಹಾಡು ಉಳಿಯುತ್ತದೆ. ಆದರೆ ಅದರಿಂದ ಬರಬೇಕಾದ ಜೀವನವು ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಂಪನಿಗಳೇನು ಧರ್ಮಾತ್ಮರೆ? ಒಂದು ಸಲದ ಹಣ ಕೊಟ್ಟು ಎಲ್ಲ ಹಕ್ಕುಗಳನ್ನು ಬರೆಸಿಕೊಂಡು, ಹಾಡು ಲಕ್ಷಗಟ್ಟಲೆ ಮಾರಾಟವಾದರೂ ಕವಿಗೆ ಗಾಯಕನಿಗೆ ಬಿಡಿಗಾಸು ಕೊಡದ ರೂಢಿಯು ಈ ದೇಶದಲ್ಲಿ ಬಹಳ ಕಾಲ ನಡೆಯಿತು. ಇದು ಸತ್ಯ. 2012ರ ತಿದ್ದುಪಡಿಯಿಂದ ಗೀತಕಾರರಿಗೂ ಸಂಗೀತ ನಿರ್ದೇಶಕರಿಗೂ ಬಿಟ್ಟುಕೊಡಲಾಗದ ಗೌರವಧನದ ಹಕ್ಕು ದೊರೆಯಿತು, ಹಾಡುಗಾರರ ಹಕ್ಕೂ ಬಲಗೊಂಡಿತು. ಕಂಪನಿಯು ಕಲಾವಿದನಿಗೆ ಕೊಡದೆ ಇಟ್ಟುಕೊಂಡದ್ದೂ ನನ್ನ ದೃಷ್ಟಿಯಲ್ಲಿ ಅದತ್ತವೇ. ಆದರೆ ನಾವು ಕದ್ದಾಗ ಕಂಪನಿಯ ಪಾಲಿನ ಜೊತೆಗೆ ಕಲಾವಿದನ ಅಲ್ಪ ಪಾಲೂ ಹೋಯಿತು. ದೊಡ್ಡ ಕಂಪನಿಗಳು ಹಳೆಯ ಸಿನಿಮಾ ಹಾಡುಗಳ ಭಂಡಾರದಿಂದ ತಾಳಿಕೊಂಡವು. 2015ರಿಂದೀಚೆಗೆ ಚಂದಾ ಕಟ್ಟಿ ಕೇಳುವ ಪದ್ಧತಿಯಿಂದ ಉದ್ಯಮದ ಆದಾಯವು ಮತ್ತೆ ಏರಿದೆ. ಸಾವಿರ ಕ್ಯಾಸೆಟ್ ಮಾರಿ ಮುಂದಿನ ಕ್ಯಾಸೆಟ್ಟಿಗೆ ಹಣ ಹೊಂದಿಸುತ್ತಿದ್ದ ಜನಪದ ಗಾಯಕನಿಗೆ, ಸ್ತವನ ಹಾಡುವವನಿಗೆ ಆ ಆದಾಯವು ಹಾಗೆ ಮರಳಲಿಲ್ಲ. ಒಂದು ಸಾರಿ ಕೇಳಿದರೆ ಅವನಿಗೆ ಸಲ್ಲುವುದು ಪೈಸೆಗಳ ಲೆಕ್ಕ.

ಹಾಗಾದರೆ ಹಣ ಕೊಡದೆ ಕೇಳುವುದೆಲ್ಲವೂ ದೋಷವೇ? ಅಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಒಂದು ಶಂಕೆಯನ್ನೆತ್ತಿದ್ದಾರೆ: ಮುನಿಗಳು ಊರಿನ ಬೀದಿಯಲ್ಲಿ ಯಾರೂ ಕೊಡದೆ ನಡೆಯುತ್ತಾರಲ್ಲ, ಅದು ಅದತ್ತವಲ್ಲವೆ ಎಂದು. ಬೀದಿಯು ಎಲ್ಲರಿಗೂ ತೆರೆದಿದೆ, ಮುಚ್ಚಿದ ಬಾಗಿಲನ್ನು ಅವರು ಹೊಗುವುದಿಲ್ಲ ಎಂಬುದು ಸಮಾಧಾನ. ಹಕ್ಕುದಾರರೇ ಯೂಟ್ಯೂಬಿನಲ್ಲಿ ಇಟ್ಟ ಹಾಡು, ಆಕಾಶವಾಣಿ ಧಾರವಾಡದಿಂದ ಬರುವ ಹಾಡು ಇವು ತೆರೆದ ಬೀದಿ. ಅದೇ ಹಾಡನ್ನು ಬೇರೊಂದು ಉಪಾಯದಿಂದ ಕಿತ್ತು ಇಳಿಸಿಕೊಂಡು ಹಂಚಿದರೆ ಬಾಗಿಲು ಮುರಿದಂತೆ.

ಬಸದಿಗಳ ವಿಷಯದಲ್ಲಿ ಕಾಯಿದೆಯೇ ಔದಾರ್ಯ ತೋರಿಸಿದೆ. ನಿಜವಾದ ಧಾರ್ಮಿಕ ವಿಧಿಯ ಸಂದರ್ಭದಲ್ಲಿ ಮುದ್ರಿತ ಗೀತೆಯನ್ನು ನುಡಿಸುವುದು ಉಲ್ಲಂಘನೆಯಲ್ಲ. ಮದುವೆಯ ಮೆರವಣಿಗೆಗೂ ಈ ರಿಯಾಯಿತಿ ಇದೆ. ಆದ್ದರಿಂದ ಅಭಿಷೇಕದ ವೇಳೆ ಸ್ತವನ ಹಚ್ಚುವ ಪಂಡಿತರು ಅಂಜಬೇಕಾಗಿಲ್ಲ. ಆದರೆ ಒಬ್ಬ ಗಾಯಕಿಯ ಮೂವತ್ತು ಸ್ತವನಗಳನ್ನು ಪೆನ್ ಡ್ರೈವಿಗೆ ಏರಿಸಿ, ಪರ್ವದ ಪ್ರಭಾವನೆಯೆಂದು ಮನೆಮನೆಗೆ ಹಂಚುವುದಕ್ಕೆ ಆ ರಿಯಾಯಿತಿ ಸಲ್ಲದು. ಹಾಗೆ ಹಂಚುವ ಅಪೇಕ್ಷೆಯಿದ್ದರೆ ಆಕೆಯನ್ನೋ ಹಕ್ಕು ಪಡೆದ ಕಂಪನಿಯನ್ನೋ ಮೊದಲು ಕೇಳಿ, ಒಪ್ಪಿಗೆಯನ್ನು ಕಾಗದದ ಮೇಲೆ ಪಡೆದು, ಪ್ರಭಾವನೆಯ ಖರ್ಚಿನಲ್ಲಿ ಆಕೆಯ ಸಂಭಾವನೆಯನ್ನೂ ಬರೆಯಬೇಕು.

ಮನೆಯಲ್ಲಿ ಈಗಾಗಲೇ ಕೂಡಿದ ಹಾಡುಗಳನ್ನೇನು ಮಾಡಬೇಕು? ಅಂಗಡಿಯಲ್ಲಿ ತುಂಬಿಸಿದ್ದನ್ನು ಅಳಿಸಿಬಿಡಿರಿ. ಬೇಕಾದವುಗಳನ್ನು ಚಂದಾ ಕಟ್ಟಿ ಇಲ್ಲವೆ ತೆರೆದ ಬೀದಿಯಲ್ಲಿ ಕೇಳಿರಿ. ಹಳೆಯ ತಟ್ಟೆಗಳ ಬಗೆಗೆ ಮಾತ್ರ ಸಂಕೋಚ ಬೇಡ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಮಾತ್ರ. ಗಂಗೂಬಾಯಿಯವರು 1930ರ ದಶಕದಲ್ಲಿ ಹಾಡಿದ ತಟ್ಟೆಗಳ ಮೇಲಿನ ಆ ಹಕ್ಕು ಎಂದೋ ತೀರಿದೆ. ಅವುಗಳ ಬಾಗಿಲು ಈಗ ಎಲ್ಲರಿಗೂ ತೆರೆದಿದೆ.