ಚುಕ್ಕಿಯಷ್ಟೇ ಕಂಡ ಕರಡಿ

ಪರದೆಯ ಮೇಲೆ ಒಂದು ಬಂಡೆ. ಬಂಡೆಯ ನೆತ್ತಿಯಲ್ಲಿ ಸಾಸಿವೆಕಾಳಿನಷ್ಟು ಕಪ್ಪು ಚುಕ್ಕಿ. ಚುಕ್ಕಿ ಅಲ್ಲಾಡುತ್ತದೆ, ನಿಲ್ಲುತ್ತದೆ, ಮತ್ತೆ ಅಲ್ಲಾಡುತ್ತದೆ. ನಲವತ್ತು ಸೆಕೆಂಡು ಇಷ್ಟೇ. ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದ ಮೇಲೆ ನಿಂತ ಹುಡುಗನೊಬ್ಬ ಫೋನಿನ ಜೂಮನ್ನು ಎಳೆದಷ್ಟೂ ಎಳೆದು ಹಿಡಿದು ತಂದ ದೃಶ್ಯ. ತರಗತಿಯಲ್ಲಿ ಹಾಕಿದ ಕೂಡಲೇ ಹಿಂದಿನ ಬೆಂಚಿನಿಂದ ದನಿ ಬಂತು: "ಅದು ಕರಡಿನಾ, ಕಾಗೆನಾ?" ಎಲ್ಲರೂ ನಕ್ಕರು. ಹುಡುಗನ ಮುಖ ಸಪ್ಪಗಾಯಿತು.

ಆಮೇಲೆ ಅವನು ಇನ್ನೊಂದು ಫೈಲು ಹಾಕಿದ. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ದನಿ. ಕಾಡಿನ ಕಾವಲು ಕೆಲಸದ ಸೋದರಮಾವ ಗೋಪುರದ ಮೇಲೆ ಪಕ್ಕದಲ್ಲೇ ಕೂತು ಪಿಸುಗುಟ್ಟಿದ್ದು: "ಲೇ ತಮ್ಮಾ, ಅದು ತಾಯಿ. ಬೆನ್ನ ಮ್ಯಾಲೆ ನೋಡು, ಎರಡು ಮರಿ ಅದಾವು. ಬೆಲ್ಲ ಸಿಗೋತನಕ ಇಳಿಯಂಗಿಲ್ಲ ಅವು." ದರೋಜಿಯಲ್ಲಿ ಸಿಬ್ಬಂದಿ ಮಧ್ಯಾಹ್ನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಕರಡಿಗಳು ಅದನ್ನು ನೆಕ್ಕಲು ಬರುತ್ತವೆ. ಮಾವನಿಗೆ ಅದು ದಿನದ ಕೆಲಸ. ಹುಡುಗನಿಗೆ ಅದು ಕತೆ ಅಂತ ಅನ್ನಿಸಿರಲೇ ಇಲ್ಲ.

ದನಿಯನ್ನು ಚುಕ್ಕಿಯ ದೃಶ್ಯಕ್ಕೆ ಕೂಡಿಸಿ ಮತ್ತೊಮ್ಮೆ ಹಾಕಿದೆವು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನವನು ಎದ್ದು ಮುಂದೆ ಬಂದು ಮರಿ ಎಲ್ಲಿ ಅಂತ ಹುಡುಕಿದ.

ಕಮಲಾಪುರದಲ್ಲಿ ಬೇಸಿಗೆಯ ನಾಲ್ಕು ಶನಿವಾರ ನಡೆದ 'ಡಿಜಿಟಲ್ ಕಥನ'ದ ತರಗತಿ ಇದು. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಹದಿನಾಲ್ಕು ಹುಡುಗ ಹುಡುಗಿಯರು. ಒಬ್ಬೊಬ್ಬರೂ ಎರಡು ನಿಮಿಷದ ಒಂದು ವಿಡಿಯೊ ಮಾಡಬೇಕು, ಫೋನಿನಲ್ಲೇ ಚಿತ್ರೀಕರಿಸಿ ಫೋನಿನಲ್ಲೇ ಎಡಿಟ್ ಮಾಡಬೇಕು. ಪಾಠ ಹೇಳಲು ಹೋದದ್ದು ನಾನು. ಬರೆದುಕೊಂಡು ಹೋಗಿದ್ದ ಕ್ರಮ ಹೀಗಿತ್ತು: ಮೊದಲ ವಾರ ಕ್ಯಾಮೆರಾ, ಎರಡನೇ ವಾರ ಬೆಳಕು, ಮೂರನೇ ವಾರ ಎಡಿಟಿಂಗ್, ಸಮಯ ಉಳಿದರೆ ದನಿ. ಈ ಕ್ರಮವೇ ತಪ್ಪು ಅಂತ ತಿಳಿಯಲು ಎರಡು ವಾರ ಹಿಡಿಯಿತು.

ಮೊದಲ ಶನಿವಾರ ಬಂದ ಹದಿನಾಲ್ಕು ತುಣುಕುಗಳಲ್ಲಿ ಒಂಬತ್ತರಲ್ಲಿ ಕಲ್ಲಿನ ರಥ ಇತ್ತು. ಮೂರರಲ್ಲಿ ಮಾತಂಗ ಬೆಟ್ಟದ ಸೂರ್ಯೋದಯ. ಎಲ್ಲವೂ ನಿಧಾನಗತಿ, ಎಲ್ಲಕ್ಕೂ ಸಿನಿಮಾ ಹಾಡು. ಒಂದನ್ನು ತೆಗೆದು ಇನ್ನೊಂದರ ಜಾಗದಲ್ಲಿ ಇಟ್ಟಿದ್ದರೆ ಮಾಡಿದವರಿಗೇ ಗೊತ್ತಾಗುತ್ತಿರಲಿಲ್ಲ. ಹಂಪಿಯಲ್ಲಿ ಕ್ಯಾಮೆರಾ ಎತ್ತ ತಿರುಗಿಸಿದರೂ ಚಂದ, ಅದೇ ತೊಂದರೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ, 2017ರಿಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವ ರಥ. ಅದನ್ನು ಚಂದ ತೋರಿಸುವ ಕೆಲಸ ಯಾವತ್ತೋ ಮುಗಿದಿದೆ.

ದಾರಿ ತೋರಿಸಿದ್ದು ಕಂಪ್ಲಿಯ ಹುಡುಗಿ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಫೋಟೊಗಳನ್ನು ತೆಗೆದಿದ್ದ. ಆಸ್ಟ್ರೇಲಿಯಾದ ಜಾನ್ ಗೊಲ್ಲಿಂಗ್ಸ್ 1983ರಲ್ಲಿ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಗ್ರೀನ್‌ಲಾನ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಅದಿಲ್ಲ. ಹುಡುಗಿ ಹಳೆಯ ಫೋಟೊವನ್ನೂ ಐವತ್ತರ ನೋಟನ್ನೂ ಅಡಿಗೆಮನೆ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟು ಅಜ್ಜನಿಗೆ ತೋರಿಸಿದಳು. ಅಜ್ಜ ಕನ್ನಡಕ ಸರಿಮಾಡಿಕೊಂಡು ನೋಡಿ, "ಮ್ಯಾಲಿಂದು ಎಲ್ಲಿ ಹೋತವ್ವಾ?" ಅಂದ. ಅಲ್ಲಿಂದಲೇ ಅವಳ ವಿಡಿಯೊ ಶುರು. ಅವಳು ರಥದ ಹತ್ತಿರ ಹೋಗಲೇ ಇಲ್ಲ.

ಡಿಜಿಟಲ್ ಕಥನ ಎಂಬ ಈ ಪದ್ಧತಿ ಹುಟ್ಟಿದ್ದೇ ವಿಡಿಯೊ ಕಡಿಮೆ, ದನಿ ಹೆಚ್ಚು ಎಂಬ ಲೆಕ್ಕದಲ್ಲಿ. 1990ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಜೋ ಲ್ಯಾಂಬರ್ಟ್, ಡಾನಾ ಆಚ್ಲಿ ಮೊದಲಾದವರು ಸಾಮಾನ್ಯ ಜನರನ್ನು ಕೂರಿಸಿ, ಅವರದೇ ಬಾಯಲ್ಲಿ ಅವರದೇ ಕತೆ ಹೇಳಿಸಿ, ಮನೆಯ ಆಲ್ಬಮ್ಮಿನ ಫೋಟೊ ಜೋಡಿಸುವ ಶಿಬಿರಗಳನ್ನು ನಡೆಸಿದರು. ಅದನ್ನು ನೋಡಿ ಬಂದ ಡೇನಿಯಲ್ ಮೆಡೋಸ್ 2001ರಲ್ಲಿ ಬಿಬಿಸಿ ವೇಲ್ಸ್‌ಗಾಗಿ 'ಕ್ಯಾಪ್ಚರ್ ವೇಲ್ಸ್' ಶುರುಮಾಡಿದರು. ಅದು 2008ರವರೆಗೆ ನಡೆಯಿತು. ಅವರ ಅಳತೆ ಬಿಗಿ: ಸುಮಾರು 250 ಪದ, ಹನ್ನೆರಡರ ಆಸುಪಾಸು ಚಿತ್ರ, ಎರಡು ನಿಮಿಷ.

ಆ 250 ಪದ ನಮಗೆ ಹೊಂದಲಿಲ್ಲ. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟಿಕೊಂಡೇ ಬರುತ್ತದೆ, 'ಮಾಡಿಸಿಕೊಂಡು ಬಂದಿದ್ದರಂತೆ' ಎರಡೇ ಪದ. ಗಡಿಯಾರ ಇಟ್ಟು ಓದಿಸಿ ನೋಡಿದಾಗ ಎರಡು ನಿಮಿಷಕ್ಕೆ 170 ಪದ ಸಾಕೆನಿಸಿತು. ಅದಕ್ಕಿಂತ ಹೆಚ್ಚಾದರೆ ರೇಡಿಯೊ ಜಾಹೀರಾತಿನ ಕೊನೆಯಲ್ಲಿ ಷರತ್ತು ಓದಿದಂತೆ ಕೇಳುತ್ತದೆ.

ಎರಡು ನಿಮಿಷಕ್ಕೇ ಇಷ್ಟು ಒದ್ದಾಡುವಾಗ ದರೋಜಿಯ ಈರಮ್ಮ ನೆನಪಾಗದೆ ಇರುವುದಿಲ್ಲ. ಬುಡ್ಗ ಜಂಗಮ ಸಮುದಾಯದ, ಅಕ್ಷರ ಬಾರದ ಈ ಬುರ್ರಕಥೆ ಕಲಾವಿದೆ ಹನ್ನೆರಡು ಜನಪದ ಮಹಾಕಾವ್ಯಗಳನ್ನು ಬರೀ ನೆನಪಿನಿಂದ ಹಾಡುತ್ತಿದ್ದರು. ಬರಹಕ್ಕಿಳಿಸಿದರೆ ಅವು ಸುಮಾರು 7000 ಪುಟ. 2014ರಲ್ಲಿ ಈರಮ್ಮ ತೀರಿಕೊಂಡರು. ಕಮಲಾಪುರದ ಪಕ್ಕದಲ್ಲೇ ಇರುವ, 1991ರಲ್ಲಿ ಆರಂಭವಾದ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತ್ತು. ಹೊಳೆಯ ಆಚೆ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ತೊಗಲುಗೊಂಬೆ ಆಡಿಸುತ್ತಲೇ ತೊಂಬತ್ತು ದಾಟಿದರು, 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತೊಗಲುಗೊಂಬೆಯಲ್ಲೂ ಪರದೆ ಇದೆ, ಬೆಳಕಿದೆ, ಅಲ್ಲಾಡುವ ಚಿತ್ರ ಇದೆ. ಆದರೆ ಹಾಡು ನಿಲ್ಲಿಸಿದರೆ ಗೊಂಬೆ ಬರೀ ತೊಗಲು. ಮಕ್ಕಳಿಗೆ ಇದನ್ನು ಹೇಳಿದ ದಿನ ಪಾಠದ ಕ್ರಮವನ್ನು ತಿರುವಿ ಹಾಕಿದೆ. ಎರಡನೇ ಶನಿವಾರದ ಕೊನೆಗೆ ಫೋನುಗಳ ಕ್ಯಾಮೆರಾ ಬಂದ್. ವಾರವಿಡೀ ಬರೀ ದನಿ ತರಬೇಕು.

ದನಿ ತರುವುದು ಅಷ್ಟು ಸುಲಭವಲ್ಲ. ಹೇಮಕೂಟದ ಮೇಲೆ ನಿಂತು ಮಾತಾಡಿಸಿದ ನಾಲ್ಕು ಫೈಲುಗಳಲ್ಲಿ ಗಾಳಿ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಕರವಸ್ತ್ರ ಸುತ್ತಿ ನೋಡಿದೆವು, ಕೈ ಅಡ್ಡ ಹಿಡಿದು ನೋಡಿದೆವು. ಕೊನೆಗೆ ಕೆಲಸಕ್ಕೆ ಬಂದದ್ದು ಎರಡನೇ ಫೋನು: ಒಂದರಲ್ಲಿ ದೂರದಿಂದ ಚಿತ್ರ, ಇನ್ನೊಂದನ್ನು ಮಾತಾಡುವವರ ಅಂಗಿಯ ಜೇಬಿನಲ್ಲೋ ಸೆರಗಿನ ಮಡಿಕೆಯಲ್ಲೋ ಇಟ್ಟು ದನಿ. ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಎರಡನ್ನೂ ಆಮೇಲೆ ಕೂಡಿಸಬಹುದು. ನಿರೂಪಣೆ ಓದಲು ಜಾಗ ಹುಡುಕಿದ್ದು ಇನ್ನೊಂದು ಫಜೀತಿ. ತರಗತಿಯ ಕೋಣೆ ಖಾಲಿ, ದನಿ ಗೋಡೆಯಿಂದ ಗೋಡೆಗೆ ಪುಟಿಯುತ್ತಿತ್ತು. ಒಬ್ಬಳು ಮನೆಯಿಂದ ಕಂಬಳಿ ತಂದಳು. ಹೊಸಪೇಟೆ ಸೀಮೆಯ ಬೇಸಿಗೆಯಲ್ಲಿ ಫ್ಯಾನ್ ಆರಿಸಿ, ಕಂಬಳಿ ಹೊದ್ದು, ಟಾರ್ಚ್ ಬೆಳಕಿನಲ್ಲಿ ಕಾಗದ ಹಿಡಿದು ಹದಿನಾಲ್ಕು ಜನ ಸರದಿಯಲ್ಲಿ ಓದಿದರು. ಹೊರಗೆ ಬಂದವರ ಅಂಗಿ ಹಿಂಡಿದರೆ ನೀರು ಬರುವಂತಿತ್ತು. ದನಿ ಮಾತ್ರ ಆಕಾಶವಾಣಿಯಷ್ಟು ಸ್ವಚ್ಛ.

ಸಿನಿಮಾ ಹಾಡಿನ ವಿಷಯವನ್ನು ಬಹಳ ಹೇಳಬೇಕಿಲ್ಲ. ಯೂಟ್ಯೂಬಿಗೆ ಏರಿಸಿದ ಎರಡು ವಿಡಿಯೊಗಳಿಗೆ ಹಕ್ಕುಸ್ವಾಮ್ಯದ ತಕರಾರು ಬಂದ ಮೇಲೆ ಎಲ್ಲರೂ ತಾವಾಗಿಯೇ ಬಿಟ್ಟರು. ಅದರ ಬದಲು ಕಮಲಾಪುರ ಕೆರೆಯ ಕಪ್ಪೆ, ಹಿಟ್ಟಿನ ಗಿರಣಿಯ ಬೆಲ್ಟು, ಪೂಜೆಯ ಗಂಟೆ ಬಂದವು.

ಸಂಡೂರಿನ ಹುಡುಗಿಯದು ಸೂಜಿಯ ಕತೆ. ಲಂಬಾಣಿ ಕಸೂತಿಗೆ ಸಂಡೂರು ಹೆಸರಾದ ಊರು, ಅದಕ್ಕೆ ಭೌಗೋಳಿಕ ಗುರುತೂ ಇದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 1755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಮಾಡಿತು. ಅವಳು ಮೊದಲು ಬರೆದದ್ದು ಈ ದಾಖಲೆಯ ಬಗ್ಗೆಯೇ, ಥೇಟ್ ಪತ್ರಿಕೆಯ ವರದಿ. "ನಿಮ್ಮ ಅತ್ತೆ ಹೊಲಿಯುವಾಗ ಏನು ಕೇಳಿಸುತ್ತದೆ?" ಅಂತ ಕೇಳಿದೆ. ಮುಂದಿನ ವಾರ ತಂದ ಫೈಲಿನಲ್ಲಿ ಬಿಗಿ ಬಟ್ಟೆಯನ್ನು ಸೂಜಿ ದಾಟುವ 'ಟಕ್', ದಾರ ಎಳೆಯುವ 'ಸರ್', ನಡುವೆ ಅತ್ತೆಯ ಬೈಗುಳ: ಕನ್ನಡಿ ಚೂರು ಕೈಗೆ ಚುಚ್ಚಿತ್ತು. ಈ ಮೂರು ಸದ್ದಿನ ಮೇಲೆ ಇಪ್ಪತ್ತೈದು ಸೆಕೆಂಡು ಬರೀ ಬೆರಳು ತೋರಿಸಿದಳು. 1755 ಎಂಬ ಅಂಕಿ ಕೊನೆಯಲ್ಲಿ ಒಂದು ಸಾಲಿನಲ್ಲಿ ಬಂದು ಹೋಯಿತು. ನನ್ನ ಲೆಕ್ಕದಲ್ಲಿ ಹದಿನಾಲ್ಕರಲ್ಲಿ ಅತ್ಯುತ್ತಮ ಇದೇ, ಕರಡಿಗಿಂತ ಒಂದು ಕೈ ಮೇಲು.

ಎಡವಿದ್ದೂ ಇದೆ. ಕಮಲಾಪುರದ ಬಾಳೆ ತೋಟಗಳ ಮೇಲೆ ವಿಡಿಯೊ ಮಾಡಿದವನು ನಮ್ಮೂರಿನ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ ಅಂತ ಗಟ್ಟಿ ದನಿಯಲ್ಲಿ ಹೇಳಿದ. ನಾನೂ ತಲೆಯಾಡಿಸಿದೆ. ಆ ಕೆಂಪು ಬಾಳೆ ಕಲಬುರಗಿ ಜಿಲ್ಲೆಯ ಕಮಲಾಪುರದ್ದು! ಕಂಡುಹಿಡಿದದ್ದು ಅವನ ಅಪ್ಪ. "ನಲವತ್ತು ವರ್ಷದಿಂದ ಬಾಳಿ ಬೆಳೀತೀನಿ, ಕೆಂಪಂದು ಯಾವತ್ತ ನೋಡೀಯಪ?" ಅಂತ ಮಗನಿಗೆ ಕೇಳಿದರಂತೆ. ಗೂಗಲ್ಲಿಗೆ ಎರಡು ಕಮಲಾಪುರಗಳ ವ್ಯತ್ಯಾಸ ತಿಳಿಯದಿದ್ದರೆ ಕ್ಷಮಿಸಬಹುದು, ಮೇಷ್ಟರಿಗೆ ತಿಳಿಯಬೇಕಿತ್ತು. ತಿದ್ದಿದ ವಿಡಿಯೊದಲ್ಲಿ ಅಪ್ಪನ ಆ ಮಾತೇ ಮೊದಲ ಸಾಲಾಯಿತು.

ಇನ್ನು ಅಕ್ಷರದ ಪಾಡು. ಪುಕ್ಕಟೆ ಸಿಗುವ ಎಡಿಟಿಂಗ್ ಆ್ಯಪ್ ಒಂದರಲ್ಲಿ 'ವಿರೂಪಾಕ್ಷ' ಅಂತ ಟೈಪಿಸಿದರೆ ಕ್ಷ ಒಡೆದು ಕಕಾರ ಒಂದು ಕಡೆ, ಷಕಾರ ಇನ್ನೊಂದು ಕಡೆ ಬೀಳುತ್ತಿತ್ತು. 'ಅಮ್ಮ'ನ ಒತ್ತು ಪಕ್ಕದ ಮನೆಗೆ ಹೋಗುತ್ತಿತ್ತು. ಶೀರ್ಷಿಕೆಯನ್ನು ಬೇರೆ ಕಡೆ ಬರೆದು, ಚಿತ್ರವಾಗಿ ಉಳಿಸಿ, ವಿಡಿಯೊದ ಮೇಲೆ ಅಂಟಿಸುವುದೊಂದೇ ದಾರಿ. ಮಾತು ಕೇಳಿ ತಾನೇ ಅಕ್ಷರ ಮೂಡಿಸುವ ಸೌಲಭ್ಯ ಪುಸ್ತಕದ ಕನ್ನಡಕ್ಕೆ ಪರವಾಗಿಲ್ಲ, 'ಅದಾವು' 'ಒಲ್ಲೆ' ಬಂದರೆ ತಡವರಿಸುತ್ತದೆ. ಎಲ್ಲವನ್ನೂ ಕೈಯಲ್ಲೇ ಟೈಪಿಸಿದರು. ಅಡಿಬರಹದಲ್ಲಿ 'ಇದ್ದಾವೆ' ಅಂತ ತಿದ್ದಬೇಕೋ ಬೇಡವೋ ಅಂತ ಅರ್ಧ ಗಂಟೆ ಜಗಳ ನಡೆಯಿತು. ತಿದ್ದಬಾರದು ಅಂತ ತೀರ್ಮಾನವಾಯಿತು.

ಕೊನೆಯ ಶನಿವಾರ ಬೆಳಿಗ್ಗೆ ಎಲ್ಲರೂ ವಿರೂಪಾಕ್ಷನ ಗುಡಿಗೆ ಹೋದೆವು. ಗರ್ಭಗುಡಿಯ ಹಿಂದಿನ ಕತ್ತಲೆ ಕೋಣೆಯ ಗೋಡೆಯ ಮೇಲೆ ಒಂಬತ್ತು ಅಂತಸ್ತಿನ, ಸುಮಾರು 50 ಮೀಟರ್ ಎತ್ತರದ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಎದುರಿನ ಸಣ್ಣ ಕಿಂಡಿಯಿಂದ ಬೆಳಕು ಹಾದು ಬರುವುದಷ್ಟೇ. ಲೆನ್ಸ್ ಇಲ್ಲ, ಬ್ಯಾಟರಿ ಇಲ್ಲ. ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠದ ಕೋಣೆ ಸಿಕ್ಕದು. ಫೋನು ಎತ್ತಿದರೆ ಅದು ಕತ್ತಲೆಯನ್ನು ಬೆಳ್ಳಗೆ ಮಾಡಲು ಹೋಗಿ ನೆರಳನ್ನೇ ಅಳಿಸುತ್ತಿತ್ತು. ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ಸನ್ನೂ ಬೆಳಕನ್ನೂ ಬಿಗಿ ಮಾಡಿದ ಮೇಲೆ ಗೋಪುರ ಮೂಡಿತು. ಎರಡು ನಿಮಿಷ ನೋಡಿ, ತೆಗೆದು, ಹೊರಗೆ ಬಂದೆವು.

ಕರಡಿಯ ಹುಡುಗನ ವಿಡಿಯೊ ಒಂದು ನಿಮಿಷ ಐವತ್ತು ಸೆಕೆಂಡಿಗೆ ನಿಂತಿತು. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಅಂತ ಕಳಿಸಿದ್ದಕ್ಕೆ ಚುಕ್ಕಿಯೂ ಮಾಯವಾಗಿ ಬರೀ ಬಂಡೆ ಉಳಿಯಿತು. ಡಾಕ್ಯುಮೆಂಟ್ ಅಂತ ಮತ್ತೆ ಕಳಿಸಿದಾಗ ಚುಕ್ಕಿ ತಿರುಗಿ ಬಂತು. ಅದರ ಮೂಲವಾದ ಮಾವನ ದನಿಯ ಫೈಲು 47 ನಿಮಿಷದ್ದು. ಬೆಲ್ಲದ ಪಾಕ ಹೇಗೆ ಕಲಸುತ್ತಾರೆ, ಯಾವ ಕರಡಿ ಮೊದಲು ಬರುತ್ತದೆ, ಮಳೆಗಾಲದಲ್ಲಿ ಅವು ಎಲ್ಲಿ ಮಲಗುತ್ತವೆ ಎಲ್ಲ ಅದರಲ್ಲಿತ್ತು. ಫೋನು ತುಂಬಿತು ಅಂತ ಹುಡುಗ ಆ ಫೈಲನ್ನು ಅಳಿಸಿದ. ಅಳಿಸಬೇಡ ಅಂತ ಹೇಳಲು ನನಗೂ ಹೊಳೆದಿರಲಿಲ್ಲ. ಮತ್ತೆ ಹೇಳು ಮಾವ ಅಂತ ಕೇಳಿದ್ದಕ್ಕೆ ಮಾವ, "ಅವತ್ತು ಹೇಳೀನಲ್ಲೋ" ಅಂದು ಬೆಲ್ಲದ ಬಕೆಟ್ ಎತ್ತಿಕೊಂಡು ಗುಡ್ಡದ ಕಡೆ ಹೊರಟ.